ಬಿಚ್ಚುವುದು ಮತ್ತು ಹರಿಯುವುದು

‘ಬಿಚ್ಚು’ ಎಂಬುದು ನಿತ್ಯವ್ಯವಹಾರದ ಕ್ರಿಯಾಪದ. ಹಳಗನ್ನಡದಲ್ಲಿ ಇದರ ರೂಪ ‘ಬಿರ್ಚು’. ‘ಗಂಟನ್ನು ಬಿಚ್ಚಿದನು’ ಎಂಬಲ್ಲಿ ಇದು ಸಕರ್ಮಕ. ‘ಗಂಟು ಬಿಚ್ಚಿತು’ ಎಂಬಲ್ಲಿ ಅಕರ್ಮಕ. ಕಟ್ಟಿದುದನ್ನು, ಸುತ್ತಿದುದನ್ನು, ಮಡಿಸಿದುದನ್ನು ಸಡಿಲಿಸಿ ತೆರೆಯುವುದೇ ಇದರ ಮೂಲಾರ್ಥ. ರೈತನು ಎತ್ತಿನ ಹಗ್ಗವನ್ನು ಬಿಚ್ಚುತ್ತಾನೆ. ಹಿರಿಯರು ಮನೆಗೆ ಬಂದು ರುಮಾಲು ಬಿಚ್ಚುತ್ತಾರೆ. ಆಪ್ತರು ಮನಬಿಚ್ಚಿ ಮಾತನಾಡುತ್ತಾರೆ.

ದಾವಣಗೆರೆಗೆ ಸೇರಿಕೊಂಡಂತಿರುವ ಆವರಗೆರೆಯವರಿಗೆ ನೂಲಿನ ಮಾತು ಹೊಸದಲ್ಲ. 20ನೆಯ ಶತಮಾನದಲ್ಲಿ ದಾವಣಗೆರೆಯು ಹತ್ತಿಯ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿತ್ತು. ಗಿರಣಿಗಳ ಆ ವೈಭವ ಈಗಿಲ್ಲ. ನೂಲು ಕಲಿಸಿದ ಪಾಠ ಮಾತ್ರ ಉಳಿದಿದೆ. ಸಿಕ್ಕಾದ ಲಡಿಯನ್ನು ಸೆಳೆದರೆ ಗಂಟು ಬಿಗಿಯುತ್ತದೆ; ಹರಿದರೆ ಸಿಕ್ಕಿನೊಡನೆ ನೂಲೂ ಕೆಡುತ್ತದೆ. ಎಳೆಯ ತುದಿಯನ್ನು ಹುಡುಕಿ, ಕಡೆಯ ಸುತ್ತಿನಿಂದ ಮೊದಲುಮಾಡಿ ಬಿಚ್ಚಿದರೆ ಸಿಕ್ಕು ಹೋಗಿ ನೂಲು ಉಳಿಯುತ್ತದೆ. ಹರಿಯುವುದಕ್ಕೆ ಬಲ ಸಾಕು. ಬಿಚ್ಚುವುದಕ್ಕೆ ತಾಳ್ಮೆ ಬೇಕು.

ಶರಣರು ಈ ನೂಲಿನ ಕೆಲಸವನ್ನೇ ಅನುಭಾವದ ಮಾತಾಗಿಸಿದರು. ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯಲ್ಲಿ ತತ್ತ್ವವನ್ನು ಕಂಡಳು. ತನ್ನ ನೂಲನ್ನು ತನಗೇ ಸುತ್ತಿಕೊಂಡು ಸಾಯುವ ರೇಷ್ಮೆಯ ಹುಳುವನ್ನು ಅಕ್ಕಮಹಾದೇವಿಯು ಮನದ ಬಯಕೆಗೆ ದೃಷ್ಟಾಂತವಾಗಿ ತಂದಳು. ಆ ಗೂಡಿನಿಂದ ಎಳೆ ತೆಗೆಯುವ ಕಸುಬಿಗೆ ಇಂದಿಗೂ ‘ನೂಲು ಬಿಚ್ಚಾಣಿಕೆ’ ಎಂದೇ ಹೆಸರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಬಳಿಕ ತುದಿಯನ್ನು ಹಿಡಿದರೆ ಹಲವು ನೂರು ಮೀಟರು ಎಳೆ ಬರುತ್ತದೆ. ಆದರೆ ಗೂಡು ಬಿಚ್ಚುವ ಹೊತ್ತಿಗೆ ಒಳಗಿನ ಹುಳು ಸತ್ತಿರುತ್ತದೆ! ಸಾಧಕನು ಮರೆಯಬಾರದ ಮಾತು ಇದು. ಬದುಕಿರುವಾಗಲೇ ಸುತ್ತು ಬಿಚ್ಚಬೇಕು.

ಸುತ್ತು ಬಿಚ್ಚುವುದೆಂದರೆ ಸಂಸಾರವನ್ನು ಹರಿದೊಗೆಯುವುದೇ? ಅಲ್ಲ. ಅಕ್ಕನು ಮನೆಯನ್ನು ತೊರೆದಳು. ಜೇಡರ ದಾಸಿಮಯ್ಯನು ದುಗ್ಗಳೆಯೊಡನೆ ಸಂಸಾರ ಮಾಡುತ್ತ, ನೇಯ್ಗೆಯ ಕಾಯಕದಲ್ಲಿಯೇ ನಿಂತನು. ಇಬ್ಬರೂ ಬಿಚ್ಚಿದ್ದು ಹೊರಗಿನ ಮನೆಯನ್ನಲ್ಲ, ಒಳಗಿನ ಬಯಕೆಯ ಸುತ್ತನ್ನು.

ಮನೆಯ ಕಲಹಕ್ಕೂ ಇದೇ ನ್ಯಾಯ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರೆ, ಸಂಬಂಧವನ್ನೇ ಹರಿದುಕೊಳ್ಳುವುದು ಸುಲಭ. ಬಿಚ್ಚಬೇಕೆನ್ನುವವನು ಹಳೆಯ ತಪ್ಪುಗಳ ಲೆಕ್ಕದಿಂದ ತೊಡಗಬಾರದು. ತಾನು ಕಡೆಯದಾಗಿ ಆಡಿದ ಬಿರುನುಡಿಯನ್ನು ಮೊದಲು ಹಿಂತೆಗೆದುಕೊಳ್ಳಬೇಕು. ಎಳೆಯ ತುದಿ ಅಲ್ಲಿಯೇ ಇರುತ್ತದೆ.

ಪೂಜೆಗೆ ಕುಳಿತ ಭಕ್ತನು ಇಷ್ಟಲಿಂಗಕ್ಕೆ ಸುತ್ತಿದ ವಸ್ತ್ರವನ್ನು ಪ್ರತಿದಿನವೂ ಬಿಚ್ಚುತ್ತಾನೆ. ಪೂಜೆ ಮುಗಿದ ಮೇಲೆ ಮತ್ತೆ ಸುತ್ತುತ್ತಾನೆ. ಕೈಗೆ ಈ ಕ್ರಿಯೆ ಚೆನ್ನಾಗಿ ರೂಢಿಯಾಗಿದೆ. ವಸ್ತ್ರವನ್ನು ಬಿಚ್ಚುವಾಗಲೆಲ್ಲ ಮನದ ಒಂದು ಸುತ್ತಾದರೂ ಬಿಚ್ಚಿತೇ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳತಕ್ಕದ್ದು.