72 ಗಂಟೆ, 3 ತಿಂಗಳು: ತಪ್ಪಬಾರದ ಲೆಕ್ಕ

1. ಮೊದಲು ಗಡಿಯಾರ ನೋಡಿ. ಕಾಂಡೋಮ್ ಇರಲಿಲ್ಲ, ಇಲ್ಲವೇ ಹರಿಯಿತು ಎಂದಾದರೆ ಎಚ್‌ಐವಿ ತಡೆಯುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ತುಮಕೂರಿಗೆ ಹೋಗಿ ಎಂದರೆ ಅವತ್ತೇ ಬಸ್ಸು ಹತ್ತಿ. ಪಾವಗಡದವರಿಗೆ ಅದು ಸುಮಾರು 100 ಕಿ.ಮೀ. ದಾರಿ, 'ಸೋಮವಾರ ನೋಡೋಣ' ಎನ್ನುವಷ್ಟು ಪುರುಸೊತ್ತಿಲ್ಲ.

2. ಇಲ್ಲದ ಅಪಾಯಕ್ಕೆ ನಿದ್ದೆಗೆಡಬೇಡಿ. ತಬ್ಬಿದರೆ, ಎಂಜಲು ಲೋಟದಲ್ಲಿ ಕುಡಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ.

3. ಮರುದಿನವೇ ಪರೀಕ್ಷೆ ಮಾಡಿಸಿ 'ನೆಗೆಟಿವ್' ಎಂದು ಕುಣಿಯಬೇಡಿ. ಆ ಚೀಟಿ ಹೇಳುವುದು ಹಳೆಯ ಕಥೆ, ನಿನ್ನೆಯದಲ್ಲ. ಸರ್ಕಾರಿ ಆಸ್ಪತ್ರೆಯ ರ‍್ಯಾಪಿಡ್ ಕಿಟ್ ಹುಡುಕುವುದು ಸಾಮಾನ್ಯವಾಗಿ ಪ್ರತಿಕಾಯವನ್ನು; ಅದು ಖಚಿತವಾಗಿ ಕಾಣಲು 3 ತಿಂಗಳವರೆಗೂ ಬೇಕಾದೀತು. ದೊಡ್ಡ ಲ್ಯಾಬ್‌ಗಳ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 45 ದಿನ ಸಾಕು. ಪೆಪ್ ನುಂಗಿದವರ ಲೆಕ್ಕವೇ ಬೇರೆ, ವೈದ್ಯರನ್ನು ಕೇಳಿ.

4. ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರವಾದ ಐಸಿಟಿಸಿಯ ಬಾಗಿಲು ತಟ್ಟಿ. ಪರೀಕ್ಷೆ ಉಚಿತ. ಕೌನ್ಸೆಲರ್ ಮೊದಲು ಮಾತಾಡಿಸುತ್ತಾರೆ, ಆಮೇಲೆ ರಕ್ತ. ಪುಟ್ಟ ಪಟ್ಟಿಯ ಮೇಲೆ 'ಸಿ' ಗೆರೆಯೊಂದೇ ಮೂಡಿದರೆ ನೆಗೆಟಿವ್. ಆ ಗೆರೆಯೇ ಮೂಡದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಒಂದು ಕಿಟ್ ಪಾಸಿಟಿವ್ ತೋರಿಸಿದ ಮಾತ್ರಕ್ಕೆ ತೀರ್ಪಾಗದು, ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಸಲ ಒಂದೇ ಉತ್ತರ ಬರಬೇಕು. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

5. ನಮ್ಮ ಕಡೆ ಕಾಯಿಲೆಗಿಂತ ದೊಡ್ಡ ಹೆದರಿಕೆ ಆಸ್ಪತ್ರೆ ಕಾರಿಡಾರಿನಲ್ಲಿ ಸಿಗುವ ಚಿಕ್ಕಪ್ಪನದು. ಮಧುಗಿರಿಯವರು ಶಿರಾಕ್ಕೆ ಹೋಗಲಿ, ಕೊರಟಗೆರೆಯವರು ತುಮಕೂರಿಗೆ. ಪಾವಗಡದವರಿಗಂತೂ ಸುತ್ತ ಆಂಧ್ರವೇ, ಹಿಂದೂಪುರವೂ ಆದೀತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಫಲಿತಾಂಶ ಹೊರಗೆ ಹೇಳುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

6. ಮೆಡಿಕಲ್ ಸ್ಟೋರಿನಲ್ಲಿ 'ಉರಿ ಇದೆ, ಏನಾದ್ರೂ ಕೊಡಿ' ಎಂದು ಬಿಡಿ ಮಾತ್ರೆ ಕೊಳ್ಳಬೇಡಿ. ಲೈಂಗಿಕ ಸಂಪರ್ಕದಿಂದ ಬರುವ ಗೊನೊರಿಯಾ ಗಂಡಸರಲ್ಲಿ ಹೆಚ್ಚಾಗಿ ವಾರದೊಳಗೆ ಮೂತ್ರದಲ್ಲಿ ಉರಿ, ಕೀವು ತೋರಿಸುತ್ತದೆ. ಹೆಂಗಸರಲ್ಲಿ ಬಹಳ ಸಲ ಏನೂ ತೋರದೆ ಒಳಗೇ ಕೂರುತ್ತದೆ. ಸರ್ಕಾರದ ಲೈಂಗಿಕ ರೋಗಗಳ ಚಿಕಿತ್ಸಾ ಕೇಂದ್ರಗಳಾದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್ ಕೊಡುತ್ತಾರೆ, ಇದಕ್ಕೆ ಬೂದು ಬಣ್ಣದ್ದು. ಸಂಗಾತಿಯನ್ನೂ ಕರೆದೊಯ್ಯಿರಿ, ಒಬ್ಬರೇ ಮಾತ್ರೆ ನುಂಗಿದರೆ ತಿಂಗಳೊಳಗೆ ಅದೇ ಉರಿ ಮತ್ತೆ ಬಂದೀತು.