ಹರಕೆ ಯಾರ ಕೊರಳಿಗೆ?

ಇಂಟರ್‌ವ್ಯೂ ಇದ್ದ ದಿನ ಮಾತ್ರ ದೇವಸ್ಥಾನದ ಮೆಟ್ಟಿಲು ಹತ್ತುತ್ತೇನೆ, ಇದೂ ಒಂದು ಭಕ್ತಿಯಾ ಅಂತ ಕೇಳಿದೆಯಲ್ಲ, ಆ ಪ್ರಶ್ನೆಯಲ್ಲಿ ಅರ್ಧ ಸಂಕೋಚ, ಅರ್ಧ ಗತ್ತು ಇತ್ತು. ಗತ್ತು ಅಂದದ್ದಕ್ಕೆ ಬೇಜಾರಾಗಬೇಡ. ‘ನಾನು ಸ್ವಾರ್ಥಿ ಸ್ವಾಮಿ’ ಅಂತ ತಾನೇ ಮೊದಲು ಒಪ್ಪಿಕೊಂಡುಬಿಟ್ಟರೆ ಮುಂದಿನ ವಿಚಾರಣೆ ತಪ್ಪುತ್ತದೆ ಅನ್ನುವ ಜಾಣತನ ನಿಮ್ಮ ವಯಸ್ಸಿನವರಲ್ಲಿ ಜಾಸ್ತಿ. ನಮ್ಮ ವಯಸ್ಸಿನವರಲ್ಲಿ ಒಪ್ಪಿಕೊಳ್ಳದೆ ಇರುವ ಜಾಣತನ. ಇರಲಿ.

ಸಂಕಟ ಬಂದಾಗ ವೆಂಕಟರಮಣ ಅನ್ನುವ ಗಾದೆಯನ್ನು ನಾವು ಚುಚ್ಚುಮಾತಾಗಿಯೇ ಬಳಸುತ್ತೇವೆ. ಆ ವೆಂಕಟರಮಣನಿಗೆ ಮಾತ್ರ ಅದು ಚುಚ್ಚಿದ ಹಾಗೆ ಕಾಣುವುದಿಲ್ಲ. ತೆಲುಗರು ಅವನನ್ನು ಮುಖಕ್ಕೆ ಮುಖ ಕೊಟ್ಟೇ ‘ಆಪದ ಮೊಕ್ಕುಲವಾಡು’ ಅನ್ನುತ್ತಾರೆ, ಆಪತ್ತಿನಲ್ಲಿ ಕಟ್ಟಿಕೊಂಡ ಹರಕೆಗಳನ್ನು ವಸೂಲಿ ಮಾಡುವವನು ಅಂತ. ಮದುವೆಯ ಖರ್ಚಿಗೆ ಕುಬೇರನ ಹತ್ತಿರ ಸಾಲ ಮಾಡಿದ್ದಾನೆ, ಹುಂಡಿಗೆ ಬಿದ್ದದ್ದೆಲ್ಲ ಅದರ ಬಡ್ಡಿಗೆ ಹೋಗುತ್ತದೆ ಅನ್ನುವ ಕಥೆ ನಿನಗೂ ಗೊತ್ತು. ತಾನೇ ಸಾಲದಲ್ಲಿರುವ ದೇವರ ಮುಂದೆ ನಿಂತು ಒಂದು ಕೆಲಸ ಕೇಳುವುದಕ್ಕೆ ನಾಚಿಕೆ ಏನು?

ಗೀತೆಯ ಏಳನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಹುಡುಕಿಕೊಂಡು ಬರುವವರನ್ನು ನಾಲ್ಕು ಬಗೆಯಾಗಿ ಹೆಸರಿಸುತ್ತಾನೆ: ಕಷ್ಟದಲ್ಲಿರುವ ಆರ್ತ, ತಿಳಿಯಬೇಕೆನ್ನುವ ಜಿಜ್ಞಾಸು, ಏನೋ ಬೇಕಾಗಿರುವ ಅರ್ಥಾರ್ಥಿ, ಕೊನೆಗೆ ಜ್ಞಾನಿ. ಜ್ಞಾನಿಯ ಮೇಲೆ ಅವನಿಗೆ ವಿಶೇಷ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾಲ್ವರನ್ನೂ ಪುಣ್ಯವಂತರು ಅನ್ನುತ್ತಾನೆ, ನಾಲ್ವರೂ ಉದಾರರು ಅನ್ನುತ್ತಾನೆ. ಸಂಬಳ ಕೇಳಲು ಬಂದವನನ್ನು ಬಾಗಿಲಲ್ಲೇ ತಡೆಯಲಿಲ್ಲ. ದೇವರೇ ಒಳಗೆ ಬಿಟ್ಟುಕೊಂಡವನನ್ನು ಪ್ರಾಕಾರದಲ್ಲಿ ನಿಂತು ‘ನಿಂದು ನಿಜವಾದ ಭಕ್ತಿಯಲ್ಲ’ ಅಂತ ಗದರುವವರು ಸಾಮಾನ್ಯವಾಗಿ ತಮ್ಮದನ್ನೆಲ್ಲ ಆಗಲೇ ಪಡೆದುಕೊಂಡು ಕೂತವರು.

ಬೇಡಿಕೆ ಎಷ್ಟು ಚೆಂದವಾಗಿರಬಹುದು ಅಂತ ನೋಡಬೇಕಾದರೆ ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದ ಸುರ್ಯಕ್ಕೆ ಒಮ್ಮೆ ಹೋಗು. ಸದಾಶಿವರುದ್ರನ ಕ್ಷೇತ್ರ. ಅಲ್ಲಿ ಮಣ್ಣಿನ ಹರಕೆ. ಮಗು ಬೇಕಿದ್ದವರು ಮಣ್ಣಿನ ಮಗು, ಮನೆ ಬೇಕಿದ್ದವರು ಮಣ್ಣಿನ ಮನೆ, ಕಾರು ಬೇಕಿದ್ದವರು ಮಣ್ಣಿನ ಕಾರು ಒಪ್ಪಿಸುತ್ತಾರೆ. ಹರಕೆಯ ಬನದಲ್ಲಿ ಆ ಗೊಂಬೆಗಳ ರಾಶಿ ನೋಡಿದರೆ ಒಂದು ಸೀಮೆಯ ಜನರ ಆಸೆಗಳೆಲ್ಲ ಮಳೆಯಲ್ಲಿ ನೆನೆಯುತ್ತಾ ಬಿದ್ದಿರುತ್ತವೆ. ಮುಚ್ಚುಮರೆ ಇಲ್ಲ. ಇನ್ನು ಕಟೀಲು ದುರ್ಗಾಪರಮೇಶ್ವರಿಯ ಹರಕೆ ಆಟ. ಯಾರಿಗೋ ಕಾಯಿಲೆ ವಾಸಿಯಾಗಬೇಕು, ಯಾರಿಗೋ ಮಗಳ ಮದುವೆ ಆಗಬೇಕು. ಅದು ಆದರೆ ಒಂದು ಯಕ್ಷಗಾನ ಆಡಿಸುತ್ತೇನೆ ಅಂತ ಹೊತ್ತುಕೊಳ್ಳುತ್ತಾರೆ. ಹೀಗೆ ಹೊತ್ತವರು ಎಷ್ಟು ಜನ ಅಂದರೆ ಹಲವು ಮೇಳಗಳಿದ್ದರೂ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಒಬ್ಬನ ಮನೆಯ ಸ್ವಾರ್ಥದಿಂದ ಇಡೀ ಊರು ಗದ್ದೆಯಲ್ಲಿ ಕೂತು ದೇವಿ ಮಹಾತ್ಮೆ ನೋಡುತ್ತದೆ, ಚೆಂಡೆಯವನ ಮನೆಯ ಒಲೆ ಉರಿಯುತ್ತದೆ. ಇಂಥ ಸ್ವಾರ್ಥ ಇನ್ನಷ್ಟು ಇರಲಿ ಅನ್ನುವವನು ನಾನು.

ನಿನ್ನ ಗೆಳೆಯರು ಬಸ್ಸು ಹತ್ತಿ ಹೋಗುವ ಹೈದರಾಬಾದಿನ ಹತ್ತಿರದ ಚಿಲ್ಕೂರು, ಅದೇ ವೀಸಾ ಬಾಲಾಜಿ, ಅಲ್ಲಿಯದೂ ನನಗೆ ಹಿಡಿಸಿದ ಲೆಕ್ಕವೇ. ಕೇಳುವಾಗ 11 ಪ್ರದಕ್ಷಿಣೆ, ಸಿಕ್ಕಿದ ಮೇಲೆ 108. ಹುಂಡಿಯೇ ಇಲ್ಲ. ವೀಸಾ ಬೇಕಾದವನ ಕಾಲೇ ನೋಯಬೇಕು.

ನನಗೆ ಅನುಮಾನ ಬರುವುದು ಬೇರೆ ಜಾತಿಯ ನಂಬಿಕೆಯ ಮೇಲೆ. ಬೇಕಾದ್ದು ಏನೂ ಇಲ್ಲ, ಅಳುವೂ ಇಲ್ಲ, ‘ಇದ್ದರೆ ಇರಲಿ, ಯಾವುದಕ್ಕೂ ಒಂದು ಕೈ ಮುಗಿದಿಡೋಣ’ ಅನ್ನುವ ಬಗೆ. ವಿಮೆಯ ಕಂತು ಕಟ್ಟಿದ ಹಾಗೆ. ಇದಕ್ಕೆ ತರ್ಕದ ಬಟ್ಟೆ ತೊಡಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ದೇವರಿದ್ದಾನೆ ಅಂತ ಪಣ ಕಟ್ಟಿ ಗೆದ್ದರೆ ಲಾಭಕ್ಕೆ ಕೊನೆಯಿಲ್ಲ, ಸೋತರೆ ಹೋಗುವುದು ಅಲ್ಪ ಅನ್ನುವ ಅವನ ವಾದವನ್ನು ನಿಮ್ಮ ಆಫೀಸಿನ ಜಾಣರು ಊಟದ ಹೊತ್ತಿನಲ್ಲಿ ಈಗಲೂ ಹೇಳುತ್ತಿರಬಹುದು. 1662ರಲ್ಲಿ ಅವನು ತೀರಿಕೊಂಡ ಎಂಟು ವರ್ಷದ ಮೇಲೆ ಆ ಬರಹ ಅಚ್ಚಾಯಿತು. ಆ ಜಾಣರು ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. 1654ರಲ್ಲಿ ಪಾಸ್ಕಲ್ ಗಣಿತಜ್ಞ ಫರ್ಮಾ ಜೊತೆ ಪತ್ರ ಬರೆದುಕೊಂಡು ಜೂಜಿನ ಪಣವನ್ನು ಹಂಚುವ ಲೆಕ್ಕ ಬಿಡಿಸಿದ. ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೆ ಏನೋ ಅನುಭವವಾಯಿತು. ಅದನ್ನು ಒಂದು ಕಾಗದದಲ್ಲಿ ಬರೆದು ತನ್ನ ಅಂಗಿಯ ಒಳಗೆ ಹೊಲಿದುಕೊಂಡ. ಸತ್ತ ಮೇಲೆಯೇ ಅದು ಸಿಕ್ಕಿದ್ದು. ಅದರಲ್ಲಿ ಬೆಂಕಿ ಇದೆ, ಕಣ್ಣೀರಿದೆ, ಹಿಗ್ಗಿದೆ, ಪಣದ ಲೆಕ್ಕ ಒಂದು ಸಾಲೂ ಇಲ್ಲ. ಪಣದ ಮಾತು ಹೊಸ್ತಿಲಲ್ಲಿ ಅನುಮಾನಿಸುತ್ತಾ ನಿಂತವರನ್ನು ಒಳಗೆ ಕರೆಯಲಿಕ್ಕೆ. ತನಗೆ ಇಟ್ಟುಕೊಂಡದ್ದು ಆ ಕಾಗದ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸ್ವಾರ್ಥ ಇದೆಯೋ ಇಲ್ಲವೋ ಅಂತ ತಡಕಾಡುತ್ತಾ ಕೂರಬೇಡ, ಇದ್ದೇ ಇರುತ್ತದೆ. ನಾನಾದರೆ ಹರಕೆಯ ಬೆಲೆ ತೆರುವವರು ಯಾರು ಅಂತ ಮೊದಲು ನೋಡುತ್ತೇನೆ. ಇದನ್ನು ನನಗೆ ಕಲಿಸಿದ್ದು ಐತರೇಯ ಬ್ರಾಹ್ಮಣದ ಹರಿಶ್ಚಂದ್ರ. ನಮ್ಮ ರಾಘವಾಂಕನ ಸತ್ಯಸಂಧ ಹರಿಶ್ಚಂದ್ರನನ್ನು ಸ್ವಲ್ಪ ಹೊತ್ತು ಮರೆತು ಕೇಳು. ಈ ರಾಜನಿಗೆ ಮಕ್ಕಳಿಲ್ಲ. ಮಗ ಹುಟ್ಟಿದರೆ ಅವನನ್ನೇ ನಿನಗೆ ಬಲಿ ಕೊಡುತ್ತೇನೆ ಅಂತ ವರುಣನಿಗೆ ಹರಕೆ ಹೊರುತ್ತಾನೆ. ರೋಹಿತ ಹುಟ್ಟುತ್ತಾನೆ. ವರುಣ ಬಂದು ಕೇಳುತ್ತಾನೆ. ಹತ್ತು ದಿನ ಕಳೆಯಲಿ ಅನ್ನುತ್ತಾನೆ ರಾಜ. ಆಮೇಲೆ ಹಲ್ಲು ಬರಲಿ. ಬಂದ ಹಲ್ಲು ಬೀಳಲಿ. ಬಿದ್ದದ್ದು ಮತ್ತೆ ಹುಟ್ಟಲಿ. ಕ್ಷತ್ರಿಯನಲ್ಲವೇ, ಕವಚ ತೊಡುವಷ್ಟಾಗಲಿ. ಪ್ರತಿ ಸಲವೂ ವರುಣ ‘ಆಗಲಿ’ ಅಂದು ಹೋಗುತ್ತಾನೆ. ಸಾಲ ಕೊಟ್ಟು ಇಷ್ಟು ತಾಳ್ಮೆಯಿಂದ ಕಾಯುವವನು ನಮಗೆ ಸಿಗುವುದಿಲ್ಲ. ಕೊನೆಗೆ ವಿಷಯ ತಿಳಿದ ಹುಡುಗ ಬಿಲ್ಲು ಹಿಡಿದು ಕಾಡಿಗೆ ಓಡಿದ, ತಂದೆಯ ಹೊಟ್ಟೆ ಜಲೋದರದಿಂದ ಉಬ್ಬಿತು.

ಕಾಡಿನಲ್ಲಿ ರೋಹಿತನಿಗೆ ಹಸಿದ ಅಜೀಗರ್ತ ಸಿಕ್ಕ. ಮೂರು ಗಂಡುಮಕ್ಕಳು. ಹಿರಿಯವನನ್ನು ಅಪ್ಪ ಬಿಡಲಿಲ್ಲ, ಕಿರಿಯವನನ್ನು ಅಮ್ಮ ಬಿಡಲಿಲ್ಲ. ನಡುವಿನ ಶುನಃಶೇಪ ರೋಹಿತನ ಬದಲಿಗೆ ಬಲಿಯಾಗಲು ನೂರು ಹಸುವಿಗೆ ಮಾರಾಟವಾದ. ಇನ್ನೂ ನೂರಕ್ಕೆ ಅಪ್ಪನೇ ಅವನನ್ನು ಕಂಬಕ್ಕೆ ಕಟ್ಟಿದ, ಮತ್ತೆ ನೂರಕ್ಕೆ ಕತ್ತಿ ಮಸೆದು ಬಂದ. ಹರಕೆ ಹೊತ್ತವನು ರಾಜ, ಅದರಿಂದ ಹುಟ್ಟಿದವನು ರಾಜಕುಮಾರ, ಕೊರಳು ಕೊಡಬೇಕಾದವನು ಯಾರದೋ ಮನೆಯ ಬೇಡದ ಹುಡುಗ.

ಆ ಹುಡುಗ ಕಂಬದಲ್ಲಿ ದೇವರುಗಳನ್ನು ಕರೆದ. ಒಬ್ಬ ದೇವರು ಇನ್ನೊಬ್ಬನ ಕಡೆ ತೋರಿಸಿದ, ಅವನು ಮತ್ತೊಬ್ಬನ ಕಡೆ, ನಮ್ಮ ತಾಲ್ಲೂಕು ಕಚೇರಿಯ ಮೇಜುಗಳನ್ನು ನೆನಪಿಸಿಕೊಂಡರೆ ತಪ್ಪಿಲ್ಲ. ಕಡೆಗೆ ಉಷಸ್ಸನ್ನು ಸ್ತುತಿಸಿದಾಗ ಒಂದೊಂದು ಋಕ್ಕಿಗೂ ಹಗ್ಗ ಸಡಿಲವಾಯಿತು. ಹಗ್ಗ ಸಡಿಲವಾದ ಹಾಗೆ ರಾಜನ ಹೊಟ್ಟೆಯೂ ಇಳಿಯಿತು. ಶುನಃಶೇಪನದೂ ಶುದ್ಧ ಸ್ವಾರ್ಥವೇ, ಜೀವ ಉಳಿಯಬೇಕಿತ್ತು. ಪ್ರತಿಯಾಗಿ ಕೊಡಲು ಅವನ ಹತ್ತಿರ ಏನೂ ಇರಲಿಲ್ಲ, ಕೈ ಕೂಡ ಕಟ್ಟಿತ್ತು. ಇವನ ಪ್ರಾರ್ಥನೆಯಿಂದ ವ್ಯಾಪಾರ ಮಾಡಿದವನ ರೋಗವೂ ವಾಸಿಯಾಯಿತಲ್ಲ, ಅದನ್ನು ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚುತ್ತೇನೆ.

ಕೂಲಿಯವರ ಬಟವಾಡೆ ತಿಂಗಳುಗಟ್ಟಲೆ ಹಿಡಿದಿಟ್ಟು ಬೆಳ್ಳಿ ಪ್ರಭಾವಳಿ ಮಾಡಿಸಿಕೊಟ್ಟವರನ್ನು ನೋಡಿದ್ದೇನೆ. ಅವರ ಶ್ರದ್ಧೆ ನಾಟಕವಲ್ಲ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಆ ಬೆಳ್ಳಿ ಅವರದಲ್ಲ. ಎದುರಾಳಿಯ ಅಂಗಡಿ ಮುಚ್ಚಲಿ ಅಂತ ಕಾಯಿ ಕಟ್ಟುವವರದೂ ಇದೇ ದಾರಿ. ಹೆಚ್ಚು ಹೇಳುವುದಿಲ್ಲ, ನಿನಗೆ ಗೊತ್ತಾಗುತ್ತದೆ.

ಕೇಳಿದ್ದು ಸಿಗದಿದ್ದರೆ ಏನು ಮಾಡಲಿ ಅಂತಲೂ ಕೇಳಿದ್ದೆ. ಜಗಳವಾಡು. ನಮ್ಮ ಹರಿದಾಸರು ನಿಂದಾಸ್ತುತಿ ಅಂತ ಒಂದು ಬಗೆಯನ್ನೇ ಬೆಳೆಸಿದ್ದಾರೆ, ದೇವರನ್ನು ಬೈದು ಹಾಡುವುದು. ವಿಮೆಯವನಿಗೆ ಬೈಯಲು ಬರುವುದಿಲ್ಲ, ಕಂತು ನಿಲ್ಲಿಸುತ್ತಾನೆ ಅಷ್ಟೆ. ಬೈದು ಮಾರನೇ ದಿನ ಮತ್ತೆ ಹೋಗಬೇಕು ಅನ್ನಿಸಿದರೆ ಹೋಗು. ಅನ್ನಿಸದಿದ್ದರೆ ಸುಮ್ಮನಿರು, ಅದಕ್ಕಾಗಿ ನಿನ್ನ ಮೇಲೆ ನನಗೇನೂ ಕೋಪ ಬರುವುದಿಲ್ಲ.

ಬುಧವಾರ ಇಂಟರ್‌ವ್ಯೂ ಅಂದೆಯಲ್ಲ, ಬೆಳಿಗ್ಗೆ ಧಾರಾಳವಾಗಿ ಹೋಗಿ ಕೇಳಿಕೊಂಡು ಬಾ. ಅದಕ್ಕೆ ಮುಂಚೆ ಇನ್ನೊಂದು ಕೆಲಸ ಇದೆ. ಈ ಕೆಲಸ ನಿನಗೆ ಸಿಗಲಿ ಅಂತ ನಿನ್ನಮ್ಮ ಎಷ್ಟೋ ವಾರದಿಂದ ಶನಿವಾರ ನಿರಾಹಾರ ಮಾಡುತ್ತಿದ್ದಾರೆ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಹೆಂಗಸು. ಆ ಶನಿವಾರಗಳನ್ನು ನೀನು ಹೊತ್ತುಕೊ. ದೇವರನ್ನು ಒಪ್ಪಿಸುವುದು ಸುಲಭ, ಅಮ್ಮನನ್ನು ಒಪ್ಪಿಸುವುದು ಕಷ್ಟ. ಅದಕ್ಕೇ ಫೋನಿನಲ್ಲಿ ಹೇಳಬೇಡ. ಊರಿಗೆ ಹೋಗಿ, ಶನಿವಾರ ಬೆಳಿಗ್ಗೆ ನೀನೇ ಉಪ್ಪಿಟ್ಟು ಮಾಡಿ, ಎದುರಿಗೆ ಕೂತು ತಿನ್ನಿಸಿ ಬಾ.