ಏಷ್ಯಾದ ಆರ್ಥಿಕ ಏಕೀಕರಣ: ಎರಿಯಾ ಮತ್ತು ಆರ್‌ಸೆಪ್

ಆಸಿಯಾನ್ ಮತ್ತು ಪೂರ್ವ ಏಷ್ಯಾ ಆರ್ಥಿಕ ಸಂಶೋಧನಾ ಸಂಸ್ಥೆ (ಎರಿಯಾ) 2008ರಲ್ಲಿ ಆರಂಭವಾಯಿತು. 2007ರ ನವೆಂಬರ್‌ನಲ್ಲಿ ಸಿಂಗಪುರದ ಪೂರ್ವ ಏಷ್ಯಾ ಶೃಂಗಸಭೆಯಲ್ಲಿ ಭಾರತ ಸೇರಿ 16 ದೇಶಗಳ ನಾಯಕರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಮೂಲ ಪ್ರಸ್ತಾವ ಜಪಾನಿನದು, ಕೇಂದ್ರ ಕಚೇರಿ ಮಾತ್ರ ಜಕಾರ್ತದಲ್ಲಿದೆ. ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಎಡವುವುದೇ ಇಲ್ಲಿ: ಟೋಕಿಯೊದಲ್ಲಿರುವುದು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಂಶೋಧನಾ ಸಂಸ್ಥೆ, ಆ ಬ್ಯಾಂಕಿನ ಕೇಂದ್ರ ಕಚೇರಿ ಮನಿಲಾದಲ್ಲಿದೆ.

ಎರಿಯಾ ಸಾಲ ಕೊಡುವುದಿಲ್ಲ. ಅಧ್ಯಯನ ನಡೆಸಿ ಸರ್ಕಾರಗಳಿಗೆ ಸಲಹೆ ನೀಡುತ್ತದೆ. ಅದು ಪರಿಶೀಲಿಸಿದ ಮೆಕಾಂಗ್-ಭಾರತ ಆರ್ಥಿಕ ಕಾರಿಡಾರನ್ನೇ ನೋಡಿ. ಹೋ ಚಿ ಮಿನ್ ನಗರದಿಂದ ನಾಮ್ ಪೆನ್, ಬ್ಯಾಂಕಾಕ್ ಮಾರ್ಗವಾಗಿ ಮ್ಯಾನ್ಮಾರ್‌ನ ದಾವೆ ಬಂದರಿಗೆ ರಸ್ತೆ, ಅಲ್ಲಿಂದ ಚೆನ್ನೈಗೆ ಹಡಗು. ಮಲಾಕ್ಕಾ ಜಲಸಂಧಿಯ ಸುತ್ತು ತಪ್ಪಿಸುವುದು ಉದ್ದೇಶ. ಆದರೆ ದಾವೆಯ ಕೆಲಸ ಕುಂಟುತ್ತಲೇ ಇದೆ.

ಅದೇ 16 ದೇಶಗಳು ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ, ಅಂದರೆ ಆರ್‌ಸೆಪ್ ಮಾತುಕತೆಗೂ ಕುಳಿತವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದೀತೆಂಬ ಆತಂಕದಿಂದ ಕರ್ನಾಟಕದ ರೈತರೂ ಬೀದಿಗಿಳಿದಿದ್ದರು. ಚೀನಾದೊಂದಿಗಿನ ವ್ಯಾಪಾರ ಕೊರತೆ ಇನ್ನೊಂದು ಕಾರಣ, ಬಹುಶಃ ಹೆಚ್ಚು ತೂಕದ್ದು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು; ಒಪ್ಪಂದ ಜಾರಿಗೆ ಬಂದದ್ದು 2022ರ ಜನವರಿ 1ರಂದು.